ಐದು ಮ್ಯಾಚ್ ಗೆದ್ದ ‘ಮೂರು’: ಕಾರವಾರದ ಪೂಲ್ ಲೀಗಿನ ಒಂದು ತಕರಾರು

ಕಾರವಾರದಲ್ಲಿ ಪೂಲ್ (ಟೇಬಲ್ ಮೇಲೆ ಕ್ಯೂ ಎಂಬ ಕೋಲಿನಿಂದ ಬಾಲ್ ಹೊಡೆಯುವ ಆಟ) ಲೀಗ್ ನಡೆಸಬೇಕು ಅಂದರೆ ಜೂನ್, ಜುಲೈ ತಿಂಗಳೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ್ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಬೋಟಿನವರಿಗೆ ಸಂಜೆ ಕೈಯಲ್ಲಿ ಸಮಯ ಇರುತ್ತದೆ. ಉಳಿದವರಿಗೂ ಅಷ್ಟೆ, ಆ ಮಳೆಯಲ್ಲಿ ಬೀಚಿಗೆ ಹೋಗಿ ಮಾಡುವುದೇನಿದೆ?

ಈ ಬರಹ ಅಂಥ ಒಂದು ಮಳೆಗಾಲದ ಲೀಗಿನಲ್ಲಿ ಎದ್ದ ಜಗಳದ ಬಗ್ಗೆ. ಹೆಸರು, ಗುರುತು ಯಾವುದೂ ಬೇಡ. ಪೇಟೆಯ ಒಂದು ಪಾರ್ಲರ್, ಮೂರು ಟೇಬಲ್, ನಾಲ್ಕು ಟೀಮು. ಆಡುವುದು ಏಟ್‌ಬಾಲ್: ತನ್ನ ಪಾಲಿನ ಏಳು ಬಾಲುಗಳನ್ನು ಪಾಕೆಟಿಗೆ ಹಾಕಿ, ಕೊನೆಗೆ ಎಂಟನೇ ನಂಬರಿನ ಬಾಲ್ ಹಾಕಿದವನಿಗೆ ಗೇಮ್. ಪ್ರತಿ ಟೀಮು ಉಳಿದ ಮೂರು ಟೀಮುಗಳ ಜೊತೆ ಎರಡೆರಡು ಸಲ ಆಡಬೇಕು, ಅಂದರೆ ಆರು ಸುತ್ತು. ಆಮೇಲೆ ಫೈನಲ್. ನಾನು ಆಡುತ್ತಿದ್ದದ್ದು ಫೈನಲಿಗೆ ಬಾರದ ಟೀಮಿನಲ್ಲಿ. ಅದಕ್ಕೇ ಇರಬೇಕು, ಜಗಳ ಎದ್ದಾಗ ಸ್ಕೋರ್‌ಶೀಟುಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು ‘ನೀವೇ ನೋಡಿ ಹೇಳಿ’ ಅಂದರು.

ಜಗಳ ಇಷ್ಟು. ಒಂದು ಟೀಮಿನಲ್ಲಿ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, ಇದ್ದರು. ಆಟದ ಬಲ ನೋಡಿ ಅವರಿಗೆ ಕೊಟ್ಟ ನಂಬರ್ 3. ನಂಬರ್ ದೊಡ್ಡದಾದಷ್ಟೂ ಆಟಗಾರ ಗಟ್ಟಿಗ ಅಂತ ಲೆಕ್ಕ. ಆರು ಮ್ಯಾಚಿನಲ್ಲಿ ಐದು ಗೆದ್ದರು. ಐದನೇ ಸುತ್ತಿನಲ್ಲಿ ಅವರಿಗೆ ಸೋತವರು ಎದುರು ಟೀಮಿನ ಕ್ಯಾಪ್ಟನ್. ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲರೂ ಬ್ಯಾಂಕ್ ಮಾಮ ಅನ್ನುತ್ತಾರೆ. ಅವರ ನಂಬರ್ 6. ಫೈನಲಿನಲ್ಲಿ ಮತ್ತೆ ಅದೇ ಎರಡು ಟೀಮು ಎದುರಾದವು. ಮಾಮ ಸೀದಾ ಹೇಳಿಬಿಟ್ಟರು: ‘ಅವ ಮೂರಲ್ಲ. ಬೇಕಂತ ನಾಟಕ ಮಾಡಿ ನಂಬರ್ ಕೆಳಗೆ ಇಟ್ಕೊಂಡಿದ್ದಾನೆ. ಅವ ಆಡಿದ್ರೆ ನಾವು ಆಡೋದಿಲ್ಲ.’

ಮುಂದೂಡೋಣ ಅಂದರೆ ಅದೂ ಆಗದು. ಆಗಸ್ಟ್ ಹುಟ್ಟಿದರೆ ತಾಂಡೇಲರು ಕಡಲಲ್ಲಿ.

ಈ ನಂಬರ್ ಎಲ್ಲಿಂದ ಬಂತು ಎನ್ನುವುದನ್ನು ಮೊದಲು ಹೇಳಬೇಕು. ಅಮೆರಿಕದಲ್ಲಿ ಎಪಿಎ (ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್) ಎಂಬ ದೊಡ್ಡ ಅಮೆಚೂರ್ ಲೀಗ್ ಇದೆ. ಟೆರಿ ಬೆಲ್ ಮತ್ತು ಲ್ಯಾರಿ ಹಬರ್ಟ್ ಎಂಬ ಇಬ್ಬರು ಪೂಲ್ ಆಟಗಾರರು 1979ರಲ್ಲಿ ಶುರು ಮಾಡಿದ್ದು. ಅಲ್ಲಿ ಏಟ್‌ಬಾಲ್ ಆಡುವವರಿಗೆ 2ರಿಂದ 7ರವರೆಗೆ ಸ್ಕಿಲ್ ಲೆವೆಲ್ ಕೊಡುತ್ತಾರೆ. ಮ್ಯಾಚ್ ತಮ್ಮದಾಗಲು ಯಾರು ಎಷ್ಟು ಗೇಮ್ ಗೆಲ್ಲಬೇಕು ಅನ್ನುವುದಕ್ಕೆ ಒಂದು ಕೋಷ್ಟಕ ಇದೆ. ಇಬ್ಬರೂ 5 ಆದರೆ ಇಬ್ಬರಿಗೂ ನಾಲ್ಕು ಗೇಮ್ ಬೇಕು. 6ರವನ ಎದುರು 3ರವ ನಿಂತರೆ 6ರವನು ಐದು ಗೆಲ್ಲಬೇಕು, 3ರವನಿಗೆ ಎರಡು ಸಾಕು. 7 ಮತ್ತು 2 ಎದುರಾದರೆ ಏಳಕ್ಕೆ ಎರಡು. ಪಾರ್ಲರಿನವರು ಈ ಕೋಷ್ಟಕವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದರು.

ಸ್ನೂಕರ್ ಆಡಿದವರಿಗೆ ಇದು ಸ್ವಲ್ಪ ವಿಚಿತ್ರ ಅನಿಸುತ್ತದೆ. 1875ರಲ್ಲಿ ನಮ್ಮ ಜಬಲ್ಪುರದಲ್ಲೇ ಹುಟ್ಟಿದ ಆಟ ಅದು. ಅಲ್ಲಿ ಕೈ ಬಲ ಇಲ್ಲದವನಿಗೆ ಫ್ರೇಮ್ ಶುರುವಾಗುವ ಮೊದಲೇ ಹತ್ತೋ ಇಪ್ಪತ್ತೋ ಪಾಯಿಂಟ್ ಕೊಟ್ಟುಬಿಡುತ್ತಾರೆ. ಏಟ್‌ಬಾಲಿನಲ್ಲಿ ಪಾಯಿಂಟೇ ಇಲ್ಲವಲ್ಲ, ಗೆಲುವು ಇಲ್ಲ ಸೋಲು. ಹಾಗಾಗಿ ರಿಯಾಯಿತಿಯನ್ನು ಗೇಮಿನ ಲೆಕ್ಕದಲ್ಲೇ ಕೊಡಬೇಕು.

ಎಪಿಎಯ ಇನ್ನೊಂದು ನಿಯಮವೂ ಈ ಲೀಗಿಗೆ ಬಂದಿತ್ತು. ಒಂದು ದಿನ ಆಡುವ ಐದು ಜನರ ನಂಬರ್ ಕೂಡಿದರೆ 23 ದಾಟಬಾರದು. ಒಳ್ಳೆಯ ನಿಯಮ. ಇಲ್ಲದಿದ್ದರೆ ಊರಿನ ಐದು ಘಟಾನುಘಟಿಗಳು ಒಂದೇ ಟೀಮ್ ಕಟ್ಟಿ ಕೂತುಬಿಡುತ್ತಾರೆ. ಆದರೆ ನಂಬರಿಗೆ ಬೆಲೆ ಬರುವುದೂ ಇಲ್ಲಿಂದಲೇ. ತಾಂಡೇಲರ ಟೀಮು 6, 5, 5, 4 ಮತ್ತು ಅವರ 3. ಕೂಡಿದರೆ ಸರಿಯಾಗಿ 23. ಅವರನ್ನು 4 ಮಾಡಿದರೂ ಒಬ್ಬರು ಹೊರಗೆ ಕೂರಬೇಕು. ಮಾಮನ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ನಂಬರ್ ಕೆಳಗೆ ಇದ್ದರೆ ಲಾಭ ಯಾರಿಗೆ ಅನ್ನುವುದು ಎಲ್ಲರಿಗೂ ಗೊತ್ತು.

ಸರಿ, ಶೀಟುಗಳನ್ನು ಬಿಡಿಸಿ ಕೂತೆ. ಮಳೆಗಾಲದ ತೇವಕ್ಕೆ ಕೆಲವು ಕಡೆ ಮಸಿ ಹರಡಿತ್ತು, ಓದಲು ಅಡ್ಡಿಯಿಲ್ಲ. ತಾಂಡೇಲರ ಆರು ಮ್ಯಾಚು ಹೀಗಿದ್ದವು. 5ರವನ ಎದುರು ಒಂದು ಗೆದ್ದು ನಾಲ್ಕು ಸೋತರು. 6ರವನ ಎದುರು ಎರಡು ಗೆದ್ದು ಮೂರು ಸೋತರು. ಮತ್ತೊಬ್ಬ 5ರವನ ಎದುರು 2–1. 4ರವನ ಎದುರು 2–1. ಬ್ಯಾಂಕ್ ಮಾಮನ ಎದುರು 2–2. ಕೊನೆಗೆ ಇನ್ನೊಬ್ಬ 5ರವನ ಎದುರು 2–2.

ಮ್ಯಾಚು ಐದು ಗೆಲುವು, ಒಂದು ಸೋಲು. ಗೇಮ್ ಕೂಡಿಸಿ ನೋಡಿ: 11 ಗೆಲುವು, 13 ಸೋಲು!

ಇಲ್ಲೇ ಅರ್ಧ ಜಗಳ ಇಳಿದುಹೋಗಬೇಕಿತ್ತು. ಎಲ್ಲರನ್ನೂ ಬಡಿದು ಹಾಕಿದವರು ಅಂತ ಹೆಸರಾದ ಮನುಷ್ಯ ಗೆದ್ದದ್ದಕ್ಕಿಂತ ಸೋತ ಗೇಮೇ ಜಾಸ್ತಿ. ಹ್ಯಾಂಡಿಕ್ಯಾಪ್, ಅಂದರೆ ಇಂಥ ರಿಯಾಯಿತಿ, ಇರುವ ಲೀಗಿನಲ್ಲಿ ಮ್ಯಾಚಿನ ಫಲಿತಾಂಶ ಆಟಗಾರನ ಬಲದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅದರಲ್ಲಿ ರಿಯಾಯಿತಿ ಆಗಲೇ ಬೆರೆತುಹೋಗಿರುತ್ತದೆ. ಬಲ ತಿಳಿಯಬೇಕಾದರೆ ಗೇಮ್ ಎಣಿಸಬೇಕು, ಎದುರಿಗೆ ಯಾರಿದ್ದರು ಅಂತ ನೋಡಬೇಕು.

ಎದುರಿಗಿದ್ದವರು ಸರಾಸರಿ 5ರ ಆಸುಪಾಸಿನವರು. ಅವರ ಜೊತೆ 11–13 ಅಂದರೆ ಹೆಚ್ಚುಕಡಿಮೆ ಸರಿಸಾಟಿ. ನಿಜವಾದ 3ರವನು ಇಷ್ಟು ಗೆಲ್ಲುತ್ತಾನಾ? ಇದಕ್ಕೆ ಅಳತೆಗೋಲು ಬೇಕು. ನಾನು ಫಾರ್ಗೋರೇಟ್ ಎಂಬ ಪದ್ಧತಿಯ ಅಳತೆ ಹಿಡಿದೆ. ಅಮೆರಿಕದ ಫಾರ್ಗೋ ಊರಿನ ಮೈಕ್ ಪೇಜ್ ಎಂಬವರು ರೂಪಿಸಿದ್ದು. ಚೆಸ್ಸಿನ ಈಲೋ ರೇಟಿಂಗಿನ ಜಾತಿಯದ್ದೇ, ಪ್ರತಿ ಆಟಗಾರನ ಬಲಕ್ಕೂ ಇಷ್ಟು ಪಾಯಿಂಟ್ ಅಂತ ಇರುತ್ತದೆ, ಆದರೆ ಲೆಕ್ಕ ಬಾಯಲ್ಲಿ ಹೇಳುವಷ್ಟು ಸುಲಭ. ಇಬ್ಬರ ನಡುವೆ 100 ಪಾಯಿಂಟ್ ಅಂತರ ಇದ್ದರೆ ಬಲಶಾಲಿ ಎರಡು ಗೇಮ್ ಗೆದ್ದಾಗ ಮತ್ತೊಬ್ಬ ಒಂದು ಗೆಲ್ಲುತ್ತಾನೆ. 200 ಅಂತರ ಆದರೆ ನಾಲ್ಕಕ್ಕೆ ಒಂದು. ಅಷ್ಟೇ.

ಗೇಮಿನಲ್ಲಿ ಚಿಕ್ಕದಾಗಿ ಕಾಣುವ ಅಂತರ ಮ್ಯಾಚಿನಲ್ಲಿ ಎಷ್ಟು ದೊಡ್ಡದಾಗುತ್ತದೆ ನೋಡಿ. 100 ಅಂತರದ ಇಬ್ಬರು ರಿಯಾಯಿತಿ ಇಲ್ಲದೆ, ಐದು ಗೇಮಿನ ರೇಸ್ (ಮೊದಲು ಐದು ಗೇಮ್ ಗೆದ್ದವನಿಗೆ ಮ್ಯಾಚು) ಆಡಿದರೆ ಬಲಶಾಲಿ ನೂರರಲ್ಲಿ ಸುಮಾರು 86 ಸಲ ಗೆಲ್ಲುತ್ತಾನೆ. ಹಾಗಾದರೆ ವಾರವಾರ 200 ರೂಪಾಯಿ ಟೇಬಲ್ ದುಡ್ಡು ಕೊಟ್ಟು ಸೋಲಲು ಯಾರು ಬರುತ್ತಾರೆ? ಹ್ಯಾಂಡಿಕ್ಯಾಪ್ ಬೇಕಾಗಿರುವುದು ಇದಕ್ಕೇ. ಅದೇ ಇಬ್ಬರಿಗೆ 5–3ರ ರೇಸ್ (ಬಲಶಾಲಿಗೆ ಐದು ಗೇಮ್, ಮತ್ತೊಬ್ಬನಿಗೆ ಮೂರು) ಕೊಟ್ಟರೆ ಬಲಶಾಲಿಯ ಗೆಲುವು ನೂರಕ್ಕೆ 57ಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ಇದು ಹದವಾದ ರಿಯಾಯಿತಿ. ಚೆನ್ನಾಗಿ ಆಡುವವನಿಗೆ ಸ್ವಲ್ಪ ಮೇಲುಗೈ ಉಳಿಯಲೇಬೇಕು. ಪೂರ್ತಿ 50–50 ಮಾಡಿದರೆ ಅಭ್ಯಾಸ ಮಾಡುವವನಿಗೆ ಏನು ಸಿಕ್ಕಿತು?

ಈಗ ತಾಂಡೇಲ–ಮಾಮ ಮ್ಯಾಚಿಗೆ ಬರೋಣ. ಅದು 5–2ರ ರೇಸು. ಈ ರೇಸ್ ಇಬ್ಬರಿಗೂ ಸಮ ಆಗಬೇಕಾದರೆ ಅವರ ನಡುವೆ ಸುಮಾರು 150 ಪಾಯಿಂಟ್ ಅಂತರ ಇರಬೇಕು. ನಿಜವಾದ ಅಂತರ 50 ಮಾತ್ರ ಅಂತ ಇಟ್ಟುಕೊಳ್ಳಿ. ಆಗ ‘ದುರ್ಬಲ’ ಆಟಗಾರ ನೂರರಲ್ಲಿ 79 ಸಲ ಗೆಲ್ಲುತ್ತಾನೆ. ನಾಟಕ ಬೇಡ, ಮೋಸ ಬೇಡ. ಶುರುವಿನಲ್ಲಿ ನಂಬರ್ ಒಂದೆರಡು ಮೆಟ್ಟಿಲು ತಪ್ಪಿದ್ದರೆ ಸಾಕು.

ಆ 3 ಬಂದದ್ದು ಹೇಗೆ? ಜೂನ್ ಮೊದಲ ವಾರ ಕ್ಯಾಪ್ಟನ್‌ಗಳೆಲ್ಲ ಕೂತು ಚಹಾ ಕುಡಿಯುತ್ತಾ ಬಾಯಿಮಾತಿನಲ್ಲಿ ನಂಬರ್ ಹಂಚಿದ್ದರು. ‘ತಾಂಡೇಲಣ್ಣ ಹತ್ತು ತಿಂಗಳು ಬೋಟ್ ಮೇಲೇ ಇರ್ತಾರೆ, ಎಲ್ಲಿ ಆಡ್ತಾರೆ? ಮೂರು ಹಾಕಿ’ ಅಂದರಂತೆ. ಆಗ ತಲೆ ಆಡಿಸಿದವರಲ್ಲಿ ಬ್ಯಾಂಕ್ ಮಾಮನೂ ಒಬ್ಬರು.

ಇನ್ನು ಇನ್ನಿಂಗ್ಸ್ ವಿಷಯ. ಈ ಪ್ರಕರಣದಲ್ಲಿ ನನಗೆ ಹೆಚ್ಚು ರುಚಿಸಿದ್ದು ಇದು.

ಎಪಿಎ ಪದ್ಧತಿಯಲ್ಲಿ ಗೆಲುವು–ಸೋಲು ಮಾತ್ರ ನೋಡುವುದಿಲ್ಲ. ಗೆಲ್ಲಲು ಎಷ್ಟು ಇನ್ನಿಂಗ್ಸ್ ಹಿಡಿಯಿತು ಅಂತಲೂ ನೋಡುತ್ತಾರೆ. ಇಬ್ಬರೂ ಒಂದೊಂದು ಸರದಿ ಆಡಿ ಮುಗಿಸಿದರೆ ಒಂದು ಇನ್ನಿಂಗ್. ಕಡಿಮೆ ಇನ್ನಿಂಗ್ಸಿನಲ್ಲಿ ಟೇಬಲ್ ಖಾಲಿ ಮಾಡುವವನು ಗಟ್ಟಿಗ. ಆದರೆ ಬೇಕಂತಲೇ ಬಾಲ್ ಹಾಕದೆ, ಎದುರಾಳಿಗೆ ದಾರಿ ಮುಚ್ಚಲು ಹೊಡೆದ ಸೇಫ್ಟಿ ಇರುತ್ತದಲ್ಲ, ಅದನ್ನು ಇನ್ನಿಂಗ್ಸಿನಿಂದ ಕಳೆಯಬೇಕು. ಸರಳ ಲೆಕ್ಕ ಹೇಳುತ್ತೇನೆ. 20 ಇನ್ನಿಂಗ್ಸಿನಲ್ಲಿ ನಾಲ್ಕು ಗೇಮ್ ಗೆದ್ದರೆ ಗೇಮಿಗೆ 5. ಅದರಲ್ಲಿ ನಾಲ್ಕು ಸೇಫ್ಟಿ ಇದ್ದವು ಅಂತ ಬರೆದಿದ್ದರೆ 16ನ್ನು ಭಾಗಿಸಿ ಗೇಮಿಗೆ 4. ಬರೆಯದೇ ಬಿಟ್ಟರೆ ಅದೇ ಮನುಷ್ಯ ಕಾಗದದ ಮೇಲೆ ಒಂದು ಮೆಟ್ಟಿಲು ಕೆಳಗಿನವನಾಗಿ ಕಾಣುತ್ತಾನೆ.

ತಾಂಡೇಲರ ಆಟ ನೋಡಿದವರಿಗೆ ಗೊತ್ತು, ಅವರು ಜೋರಾಗಿ ಹೊಡೆಯುವವರಲ್ಲ. ಬಾಲ್ ಪಾಕೆಟಿಗೆ ಖಾತ್ರಿ ಇಲ್ಲ ಅನಿಸಿದರೆ ಕ್ಯೂ ಹಿಂದೆ ಎಳೆಯುವುದೇ ನಾಲ್ಕು ಬೆರಳಷ್ಟು. ಬಿಳಿ ಬಾಲ್ ನಿಧಾನ ಉರುಳಿ ತನ್ನದೇ ಒಂದು ಬಾಲಿನ ಹಿಂದೆ, ಕುಶನ್ನಿಗೆ ಒರಗಿ ನಿಲ್ಲುತ್ತದೆ. ಅವರು ಚಾಕ್ ತಿಕ್ಕುತ್ತಾ ಸ್ಟೂಲಿನ ಮೇಲೆ ಕೂರುತ್ತಾರೆ, ಮುಖದಲ್ಲಿ ಏನೂ ಇಲ್ಲ. ಎದುರಿನವ ಟೇಬಲ್ ಸುತ್ತ ಎರಡು ಸುತ್ತು ಹಾಕಿ, ಬಗ್ಗಿ, ಎದ್ದು, ಮತ್ತೆ ಬಗ್ಗಿ, ಕೊನೆಗೆ ಫೌಲ್ ಮಾಡುತ್ತಾನೆ. ಆಮೇಲೆ ಬಿಳಿ ಬಾಲ್ ತಾಂಡೇಲರ ಕೈಗೆ, ಬೇಕಾದಲ್ಲಿ ಇಟ್ಟುಕೊಂಡು ಹೊಡೆಯಬಹುದು.

ಇಂಥ ಮನುಷ್ಯನ ಆರು ಶೀಟುಗಳಲ್ಲಿ ಸೇಫ್ಟಿ ಕಾಲಮ್ ಖಾಲಿ. ಒಂದೂ ಗುರುತು ಇಲ್ಲ.

‘ಅದೇ ಸಾಕ್ಷಿ!’ ಅಂದರು ಮಾಮ. ನಾನು ಉಳಿದವರ ಶೀಟುಗಳನ್ನೂ ತೆರೆದು ತೋರಿಸಿದೆ. ಇಡೀ ಲೀಗಿನಲ್ಲಿ ಯಾರೂ ಸೇಫ್ಟಿ ಬರೆದಿರಲಿಲ್ಲ. ಮಾಮನದೂ ಇಲ್ಲ. ಸ್ಕೋರ್ ಬರೆಯಲು ಪ್ರತಿ ಟೀಮಿನಿಂದ ಒಬ್ಬ ಕೂರಬೇಕು, ಇಬ್ಬರೂ ತಾಳೆ ನೋಡಬೇಕು ಅನ್ನುವ ನಿಯಮ ಇತ್ತು. ಒಬ್ಬ ಮೊಬೈಲ್ ನೋಡುತ್ತಿದ್ದ, ಇನ್ನೊಬ್ಬ ಗೆಲುವು–ಸೋಲಿಗೆ ಗೀಟು ಎಳೆಯುತ್ತಿದ್ದ. ಅಲ್ಲದೆ ಸೇಫ್ಟಿ ಹೌದೋ ಅಲ್ಲವೋ ಅನ್ನುವುದು ಹೊಡೆದವನ ಮನಸ್ಸಿನಲ್ಲಿ ಇರುವ ವಿಷಯ. ಬಾಲ್ ಹಾಕಲು ಹೋಗಿ ತಪ್ಪಿದ್ದೋ, ಹಾಕುವ ಉದ್ದೇಶವೇ ಇರಲಿಲ್ಲವೋ, ಪಕ್ಕದಲ್ಲಿ ಕೂತವನು ಊಹಿಸಿ ಬರೆಯಬೇಕು. ಎಲ್ಲರಿಗೂ ಬರೆಯದಿದ್ದರೆ ಎಲ್ಲರಿಗೂ ಒಂದೇ ನಷ್ಟ ಅನ್ನಬೇಡಿ. ಸೇಫ್ಟಿ ಜಾಸ್ತಿ ಆಡುವವನಿಗೆ ಲಾಭ ಜಾಸ್ತಿ.

ಇನ್ನೊಂದು ಸಂಗತಿ ನಮ್ಮ ಕರಾವಳಿಯದ್ದೇ. ಜೂನ್ ಮಧ್ಯದ ವಾರಗಳಲ್ಲಿ ಎಲ್ಲರ ಇನ್ನಿಂಗ್ಸೂ ಏರಿತ್ತು. ಕಾರಣ ಗೋಡೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಆ ತೇವಕ್ಕೆ ಟೇಬಲ್ ಬಟ್ಟೆ ಭಾರವಾಗಿ ಬಾಲ್ ಎಳೆದುಕೊಂಡು ಉರುಳುತ್ತದೆ. ಎರಡು ಅಡಿ ಆಚೆ ನಿಲ್ಲಬೇಕಾದ ಬಿಳಿ ಬಾಲ್ ಅಲ್ಲೇ ಕೂತುಬಿಡುತ್ತದೆ, ಮುಂದಿನ ಹೊಡೆತ ಸಿಗುವುದಿಲ್ಲ. ಪಾರ್ಲರಿನವರು ಮಧ್ಯಾಹ್ನದಿಂದಲೇ ಟೇಬಲ್ ಮೇಲಿನ ದೀಪ ಉರಿಸಿ ಬಟ್ಟೆ ಒಣಗಿಸಲು ನೋಡುತ್ತಿದ್ದರು. ಕರೆಂಟ್ ಇದ್ದರೆ ತಾನೇ! ಇನ್ನಿಂಗ್ಸ್ ಎಣಿಸುವ ಪದ್ಧತಿ ಆಟಗಾರನನ್ನು ಅಳೆಯುತ್ತಾ ಟೇಬಲ್ಲನ್ನೂ ಅಳೆದುಬಿಡುತ್ತದೆ. ಬೇರೆ ದೇಶದ ಒಣ ಕೋಣೆಗೆ ಹೊಂದಿದ ಮಟ್ಟಗಳನ್ನು ಇಲ್ಲಿ ಹಾಕಿದರೆ ಆಷಾಢದಲ್ಲಿ ಕಾರವಾರದವರೆಲ್ಲ ದಡ್ಡರು. ಯಾರು ಯಾರನ್ನು ಎಷ್ಟು ಗೇಮಿನಿಂದ ಸೋಲಿಸಿದರು ಅಂತ ಮಾತ್ರ ನೋಡುವ ಪದ್ಧತಿಗೆ ಈ ತೊಂದರೆ ಇಲ್ಲ. ಟೇಬಲ್ ನಿಧಾನ ಆದರೆ ಇಬ್ಬರಿಗೂ ನಿಧಾನ.

ಹಾಗಾದರೆ ತಾಂಡೇಲರು ನಾಟಕ ಮಾಡಿದರೇ ಇಲ್ಲವೇ? ನಾನು ಹುಡುಕಿದ್ದು ಒಂದೇ, ಸೋತ ಗೇಮುಗಳು ಹೇಗೆ ಸೋತವು ಅನ್ನುವುದು. ನಂಬರ್ ಇಳಿಸಲು ಸೋಲುವವನು ಕೈಗೆ ಬಂದ ಗೇಮನ್ನು ಬಿಡುತ್ತಾನೆ. ಕೊನೆಗೆ ಎಂಟು ಮಾತ್ರ ಉಳಿದಾಗ ತಪ್ಪುತ್ತಾನೆ, ಅಥವಾ ಎಂಟರ ಜೊತೆ ಬಿಳಿ ಬಾಲನ್ನೂ ಪಾಕೆಟಿಗೆ ಇಳಿಸಿ ಗೇಮ್ ಕೊಡುತ್ತಾನೆ. ಅವರ 13 ಸೋಲಿನಲ್ಲಿ ಹೆಚ್ಚಿನವು ಮೊದಲ ಮೂರು ಮ್ಯಾಚಿನವು, ಅವರ ಬಾಲುಗಳು ಮೂರು ನಾಲ್ಕು ಟೇಬಲ್ ಮೇಲೆ ಇರುವಾಗಲೇ ಮುಗಿದಂಥವು. ಮೊದಲ ಮೂರು ಮ್ಯಾಚಿನಲ್ಲಿ 5 ಗೆಲುವು, 8 ಸೋಲು. ಕೊನೆಯ ಮೂರರಲ್ಲಿ 6 ಗೆಲುವು, 5 ಸೋಲು. ನಾಟಕ ಆಡುವವನ ಲೆಕ್ಕ ಹೀಗೆ ಇರುವುದಿಲ್ಲ. ಹತ್ತು ತಿಂಗಳು ಕ್ಯೂ ಮುಟ್ಟದೆ, ಆಮೇಲೆ ದಿನಾ ಸಂಜೆ ಬಂದು ಆಡುವವನ ಲೆಕ್ಕ ಹೀಗೆ ಇರುತ್ತದೆ. ಕೈ ಪಳಗುತ್ತಾ ಬಂತು, ನಂಬರ್ ಅಲ್ಲೇ ನಿಂತಿತ್ತು.

ಆದರೂ ಇದರ ಮೇಲೆ ಜಾಸ್ತಿ ಭಾರ ಹಾಕಬಾರದು. 24 ಗೇಮ್ ಅಂದರೆ ತೀರಾ ಕಡಿಮೆ. ಎದುರಿನವರಿಗಿಂತ 100 ಪಾಯಿಂಟ್ ಕೆಳಗಿರುವವನೂ 24ರಲ್ಲಿ 8 ಗೆಲ್ಲಬೇಕು, ಅದರಲ್ಲಿ ಎರಡು ಮೂರು ಆಚೀಚೆ ಆಗುವುದು ಮಾಮೂಲು. 11 ಬಂದರೆ ಅದೃಷ್ಟವೂ ಇರಬಹುದು. ಅದೂ ಅಲ್ಲದೆ ರೇಸ್ ಮುಗಿದ ಕೂಡಲೇ ಆಟ ನಿಲ್ಲುತ್ತದೆ. ಹಾಗಾಗಿ ಗೆದ್ದ ಮ್ಯಾಚಿನ ಕೊನೇ ಗೇಮ್ ಯಾವಾಗಲೂ ಅವರದೇ ಗೆಲುವು, ಲೆಕ್ಕ ಸ್ವಲ್ಪ ಅವರ ಕಡೆಗೇ ವಾಲುತ್ತದೆ. ಫಾರ್ಗೋರೇಟಿನವರು 200 ಗೇಮ್ ಆಗುವವರೆಗೆ ಒಬ್ಬನ ರೇಟಿಂಗನ್ನು ನೆಲೆಗೊಂಡದ್ದು ಅಂತ ಒಪ್ಪುವುದಿಲ್ಲ. ನಾವು 24 ಇಟ್ಟುಕೊಂಡು ಒಬ್ಬ ಮನುಷ್ಯನಿಗೆ ಕಳ್ಳ ಅನ್ನಲು ಹೊರಟಿದ್ದೆವು.

ಹಾಗಾಗಿ ಕ್ಯಾಪ್ಟನ್‌ಗಳ ಮುಂದೆ ನಾನು ಎರಡು ಮಾತು ಬೇರೆ ಬೇರೆಯಾಗಿ ಇಟ್ಟೆ. ಮೋಸಕ್ಕೆ ಸಾಕ್ಷಿ ಇಲ್ಲ, ಆ ಮಾತು ಬಿಡಿ. ನಂಬರ್ ಮಾತ್ರ ಸರಿಯಿಲ್ಲ, ಅದನ್ನು ಬದಲಿಸಿ. ಮಾಮ 5 ಮಾಡಿ ಅಂತ ಹಟ ಹಿಡಿದರು. ನಾನು 4 ಅಂದೆ. ಗೇಮಿನ ಲೆಕ್ಕ 5ರ ಹತ್ತಿರ ತೋರಿಸುತ್ತದೆ ನಿಜ, ಆದರೆ ಲೆಕ್ಕವೇ ತೆಳು. ಹಳೆ ಅಂದಾಜು ಮತ್ತು ಹೊಸ ಲೆಕ್ಕದ ನಡುವೆ ನಿಲ್ಲುವುದೇ ನ್ಯಾಯ. ತಾಂಡೇಲರನ್ನೂ ಕೇಳಿದರು. ‘ನಾಲ್ಕಾದ್ರೂ ಹಾಕಿ, ಐದಾದ್ರೂ ಹಾಕಿ. ಕಳ್ಳ ಅಂದಿದ್ದನ್ನ ಮಾತ್ರ ವಾಪಸ್ ತಗೊಳ್ಳಿ ಮಾಮ’ ಅಂದರು. ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಿಟ್ಟಲ್ಲಿ ಬಂತು ಮಾರಾಯ, ಬಿಡು’ ಅಂದರು. ನಾಲ್ಕಕ್ಕೆ ಒಪ್ಪಿಗೆಯಾಯಿತು.

ನಂಬರ್ ಏರಿದ್ದರಿಂದ ಟೀಮಿನ ಮೊತ್ತ 24 ಆಯಿತು. ಒಬ್ಬರು ಹೊರಗೆ ಕೂರಬೇಕು. ಆ ಟೀಮಿನಲ್ಲಿ ಆರನೆಯವಳಾಗಿ ಒಬ್ಬ ಶಿರಸಿ ಹುಡುಗಿ ಇದ್ದಳು. ಇಲ್ಲಿ ಮೆಡಿಕಲ್ ಓದುತ್ತಾಳೆ, ನಂಬರ್ 2. ಆರು ಸುತ್ತು ಸ್ಕೋರ್ ಬರೆದದ್ದೇ ಬಂತು, ಆಡಲು ಸಿಕ್ಕಿದ್ದು ಕಡಿಮೆ. ಈಗ 4ರವನನ್ನು ಕೂರಿಸಿ ಅವಳನ್ನು ತಂದರೆ 6, 5, 5, 4, 2, ಒಟ್ಟು 22. ‘ಭಾನುವಾರ ನೀನೇ ಆಡು ತಂಗಿ’ ಅಂತ ಕ್ಯಾಪ್ಟನ್ ಫೋನ್ ಮಾಡಿದ. ಮನೆಗೆ ಹೇಳಬೇಡ ಅಂತ ಅವಳು ರೂಮ್‌ಮೇಟಿಗೆ ತಾಕೀತು ಮಾಡಿದ್ದಳಂತೆ. ನಮ್ಮ ಜಿಲ್ಲೆಯಲ್ಲಿ ಇಂದಿಗೂ ಪೂಲ್ ಪಾರ್ಲರ್ ಅಂದರೆ ಹಿರಿಯರಿಗೆ ಇಸ್ಪೀಟ್ ಕ್ಲಬ್ಬಿನ ತಮ್ಮ ಇದ್ದ ಹಾಗೆ.

ಫೈನಲಿನಲ್ಲಿ ಅವಳು 5ರವನ ಎದುರು 5–2ರ ರೇಸ್ ಆಡಿ ಒಂದು ಗೇಮ್ ಗೆದ್ದಳು, ಮ್ಯಾಚ್ ಸೋತಳು. ತಾಂಡೇಲರು 5ರವನ ಎದುರು 4–3ರ ರೇಸಿಗೆ ಇಳಿದರು. 50 ಪಾಯಿಂಟ್ ಅಂತರದ ಇಬ್ಬರಿಗೆ ಈ ರೇಸ್ ಹೆಚ್ಚುಕಡಿಮೆ ಸಮ. ಕೊನೆಯ ಗೇಮಿನವರೆಗೆ ಹೋಗಿ ಸೋತರು. ‘ನೋಡಿ, ಈಗ ನಂಬರ್ ಸರಿಯಾಯ್ತು’ ಅಂತ ಕೆಲವರು ನನ್ನ ಬೆನ್ನು ತಟ್ಟಿದರು. ಒಂದು ಮ್ಯಾಚ್ ಸೋತರೆ ನಂಬರ್ ಸರಿ ಅಂತ ಆಗುವುದಿಲ್ಲ, ಐದು ಗೆದ್ದಾಗ ಕಳ್ಳ ಅಂತ ಆಗಲಿಲ್ಲವಲ್ಲ, ಹಾಗೇ. ಕಪ್ ಮಾಮನ ಟೀಮಿಗೆ ಹೋಯಿತು.

ಮುಂದಿನ ವರ್ಷ ಲೀಗು ಇನ್ನಿಂಗ್ಸ್ ಎಣಿಸುವುದನ್ನೇ ಬಿಟ್ಟಿತು. ಪ್ರತಿ ಗೇಮಿನ ಗೆಲುವು–ಸೋಲು ಎಕ್ಸೆಲ್ಲಿಗೆ ಹೋಗುತ್ತದೆ, 100ಕ್ಕೆ ಎರಡರಷ್ಟು ಅನ್ನುವ ಸೂತ್ರದಲ್ಲೇ ರೇಟಿಂಗ್ ಬರುತ್ತದೆ. ಇದನ್ನು ಫಾರ್ಗೋ ರೇಟಿಂಗ್ ಅಂತ ಕರೆಯಬೇಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಅಲ್ಲಿ ಊರೂರು ಸುತ್ತಿ ಆಡುವವರ ಗೇಮುಗಳು ಒಂದು ಊರಿನ ಲೆಕ್ಕವನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತವೆ, ಹಾಗಾಗಿ ಎಲ್ಲರಿಗೂ ಒಂದೇ ಅಳತೆ. ನಮ್ಮದು ಒಂದು ಪಾರ್ಲರಿನೊಳಗಿನ ಲೆಕ್ಕ. ಸರಾಸರಿಯವನಿಗೆ 400 ಅಂತ ನಾವೇ ಇಟ್ಟದ್ದು, 4,000 ಅಂತ ಇಟ್ಟಿದ್ದರೂ ನಡೆಯುತ್ತಿತ್ತು. ಅಂತರಕ್ಕೆ ಮಾತ್ರ ಅರ್ಥ. ಮಲ್ಲಾಪುರದ ಕೈಗಾ ಟೌನ್‌ಶಿಪ್ಪಿನಿಂದ ಒಬ್ಬರು ಬಂದು ‘ಬೇರೆ ಊರಲ್ಲಿ ನನ್ನದು 520’ ಅಂದಾಗ ಆ 520ನ್ನು ಸೀದಾ ಬರೆದುಕೊಳ್ಳಲು ಆಗಲಿಲ್ಲ. ಅವರು ನಮ್ಮವರ ಜೊತೆ ಆಡಿದ ಮೇಲೇ ನಂಬರ್ ಸಿಕ್ಕಿದ್ದು.

ಬೇಕಂತ ಸೋಲುವವನನ್ನು ಈ ಪದ್ಧತಿಯೂ ತಡೆಯುವುದಿಲ್ಲ. ಇದರಲ್ಲಿ ಎಪಿಎಯವರ ಒಂದು ಉಪಾಯ ನನಗೆ ಇಷ್ಟ. ಕೊನೆಯ 20 ಸ್ಕೋರಿನಲ್ಲಿ ಒಳ್ಳೆಯ 10 ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಗಾಲ್ಫಿನಲ್ಲೂ 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ 20ರಲ್ಲಿ ಒಳ್ಳೆಯ 8 ಮಾತ್ರ. ಬೇಕಂತ ಕೆಟ್ಟದಾಗಿ ಆಡಬಹುದು, ಬೇಕಂತ ತನ್ನ ಕೈಮೀರಿ ಆಡಲು ಆಗುತ್ತದಾ? ಹಾಗಾಗಿ ಕೆಟ್ಟ ದಿನಗಳನ್ನು ಎಸೆದರೆ ನಾಟಕದವನ ಶ್ರಮವೂ ಅದರ ಜೊತೆ ಹೋಗುತ್ತದೆ. ನಮ್ಮ ಲೀಗಿನಲ್ಲಿ ಅಷ್ಟು ಮ್ಯಾಚುಗಳೇ ಇಲ್ಲದ್ದರಿಂದ ಬೇರೆ ನಿಯಮ ಮಾಡಿಕೊಂಡೆವು. ಒಂದು ಸೀಸನ್ನಿನಲ್ಲಿ ರೇಟಿಂಗ್ ಮೇಲೆ ಎಷ್ಟು ಬೇಕಾದರೂ ಏರಬಹುದು, ಕೆಳಗೆ 30ಕ್ಕಿಂತ ಹೆಚ್ಚು ಇಳಿಯುವಂತಿಲ್ಲ. ನಿಜಕ್ಕೂ ಕೈ ಕೆಟ್ಟವನಿಗೆ ಇದರಿಂದ ಅನ್ಯಾಯ ಆಗುತ್ತದೆ, ಗೊತ್ತಿದ್ದೇ ಒಪ್ಪಿದ್ದು.

ಈ ನಿಯಮಕ್ಕೆ ಮೊದಲ ತಕರಾರು ಬಂದದ್ದು ತಾಂಡೇಲರ ಹಳೇ ಟೀಮಿನಿಂದಲೇ. ಜೂನ್ ಮೊದಲ ವಾರ ಅವರ ಹಳೇ ಕ್ಯಾಪ್ಟನ್ ಬಂದು, ‘ಹತ್ತು ತಿಂಗಳಿಂದ ಅಣ್ಣ ಕ್ಯೂ ಮುಟ್ಟಿಲ್ಲ, ಜುಲೈ ರೇಟಿಂಗಲ್ಲಿ ಶುರು ಮಾಡಿಸಿದ್ರೆ ಮೋಸ ಅಲ್ವಾ?’ ಅಂದ. ಅವನ ಮಾತಲ್ಲಿ ಸತ್ಯ ಇತ್ತು. ಆಡದೇ ಇದ್ದವರ ರೇಟಿಂಗ್ ಬಾಯಿಮಾತಿನಲ್ಲಿ ಇಳಿಸುವುದಿಲ್ಲ, ಗೇಮ್ ಬರಲಿ ಅಂದೆವು. ಬ್ಯಾಂಕ್ ಮಾಮ ಮಾತ್ರ ಈ ಸಲ ಇಳಿಸುವ ಪರ ಇದ್ದರು. ಹೊಸದಾಗಿ ಟೀಮು ಹಂಚಿದಾಗ ತಾಂಡೇಲರು ಅವರ ಟೀಮಿಗೇ ಬಂದಿದ್ದರು.